ಬಸ್ಸಿನ ಕೆಂಪು ದೀಪದ ಹಿಂದೆ

ಬೆಳಿಗ್ಗೆ ಬಾಗಿಲು ತೆಗೆದರೆ ಎದುರಿನ ಮನೆಯೇ ಮಾಯವಾಗಿತ್ತು. ಹೊರಗೆ ನಿಲ್ಲಿಸಿದ್ದ ಕಾರಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಮಳೆಯ ಮುಖವನ್ನೇ ಸರಿಯಾಗಿ ಕಾಣದ ಮರುಭೂಮಿಗೆ ನಮ್ಮ ಚಾರ್ಮಾಡಿ ಘಾಟಿಯ ಮಂಜು ವಿಳಾಸ ಕೇಳಿಕೊಂಡು ಬಂದ ಹಾಗಿತ್ತು. ಕತಾರಿನಲ್ಲಿ ನನಗದು ಮೊದಲ ಚಳಿಗಾಲ.

ಅಂದು ಒಂಬತ್ತು ಗಂಟೆಗೆ ದೋಹಾದ ಒಂದು ಶಾಲೆಯಲ್ಲಿ ಗಣಿತ ಟೀಚರ್ ಕೆಲಸಕ್ಕೆ ನನ್ನ ಸಂದರ್ಶನವಿತ್ತು. ಊರಿನಲ್ಲಿ ಹತ್ತು ವರ್ಷ ಪಾಠ ಮಾಡಿದವಳಿಗೆ ದೋಹಾದಿಂದ ಎಂಬತ್ತು ಕಿಲೋಮೀಟರ್ ದೂರದ ದುಖಾನಿನ ಕಂಪನಿ ಮನೆಯಲ್ಲಿ ಗಂಡನ ಡ್ಯೂಟಿಯ ಗಡಿಯಾರ ನೋಡುತ್ತ ಕೂತು ಸಾಕಾಗಿಹೋಗಿತ್ತು. ಈ ಕೆಲಸವೂ ಸಿಗದಿದ್ದರೆ ಊರಿಗೇ ಹೋಗಿಬಿಡುವುದೆಂದು ನಿರ್ಧರಿಸಿದ್ದೆ. ಮೂರನೇ ಸಲ ಟೆಸ್ಟ್ ಕೊಟ್ಟು ಪಡೆದ ಡ್ರೈವಿಂಗ್ ಲೈಸೆನ್ಸ್ ಇನ್ನೂ ಹೊಸದು.

“ಎಂತ ಸಹ ಕಾಣುದಿಲ್ಲ ಮಾರಾಯ್ತಿ, ಇವತ್ತು ಬೇಡ,” ಎಂದರು ಇವರು.

“ಘಾಟಿಯ ಬುಡದಲ್ಲಿ ಹುಟ್ಟಿದವಳಿಗೆ ಮಂಜಿನ ಹೆದರಿಕೆ ಹೇಳ್ಬೇಡಿ,” ಎಂದು ಹೊರಟೆ.

ಅಪ್ಪ ಉಜಿರೆಯಲ್ಲಿ ಬಾಡಿಗೆ ಜೀಪು ಓಡಿಸುತ್ತಿದ್ದವರು. ಮಂಜು ಬಿದ್ದರೆ ಮುಂದಿನ ಬಸ್ಸಿನ ಕೆಂಪು ದೀಪ ಹಿಡಿದುಕೊಂಡು ಹೋಗಬೇಕು, ಬಸ್ಸಿನವನಿಗೆ ದಾರಿ ಗೊತ್ತಿರುತ್ತದೆ ಎನ್ನುವುದು ಅವರ ಪಾಠ. ಹೆದ್ದಾರಿಯಲ್ಲಿ ನನಗೂ ಒಂದು ಬಸ್ಸು ಸಿಕ್ಕಿತು. ದೇವರೇ ಕಳಿಸಿದನೆಂದು ಅದರ ಬೆನ್ನಿಗೆ ಬಿದ್ದೆ. ಅರ್ಧ ಗಂಟೆ ಕಳೆಯಿತು. ಬಸ್ಸು ಬಲಕ್ಕೆ ತಿರುಗಿತು, ನಾನೂ ತಿರುಗಿದೆ. ಕಾರು ಕುಲುಕಿತು, ಟಾರು ಮುಗಿದು ಮರಳು ಬಂತು. ಬಸ್ಸು ನಿಂತಾಗ ಅದರೊಳಗಿಂದ ಹೆಲ್ಮೆಟ್ ತೊಟ್ಟ ಕಾರ್ಮಿಕರು ಒಬ್ಬೊಬ್ಬರಾಗಿ ಇಳಿಯತೊಡಗಿದರು. ಯಾವುದೋ ಕಟ್ಟಡದ ಕೆಲಸದ ಜಾಗಕ್ಕೆ ಬಂದುಬಿಟ್ಟಿದ್ದೆ.

ಡ್ರೈವರ್ ಇಳಿದು ಬಂದ. ನನ್ನ ಹಿಂದಿ ಕೇಳಿದವನೇ ಊರು ಕೇಳಿದ. ಅವನದು ಉಪ್ಪಿನಂಗಡಿಯಂತೆ. ತಕ್ಷಣ ಮಾತು ಊರಿನದಾಯಿತು.

“ಎಂತ ಅಕ್ಕ, ಸೆಂಟ್ರಿಂಗ್ ಕೆಲಸಕ್ಕೆ ಸೇರ್ಲಿಕ್ಕೆ ಬಂದದ್ದಾ?”

ನಗಬೇಕೋ ಅಳಬೇಕೋ ತಿಳಿಯದೆ ಎಲ್ಲ ಹೇಳಿದೆ. ಅವನು ಫ್ಲಾಸ್ಕಿನಿಂದ ಕರಕ್ ಬಗ್ಗಿಸಿಕೊಟ್ಟ. ಏಲಕ್ಕಿ ಹಾಕಿ ಕುದಿಸಿದ ಇಲ್ಲಿನ ಕಡುಚಹಾ ಅದು.

“ಇಲ್ಲಿ ಮುಂದಿನವನ ದೀಪ ನಂಬಬಾರ್ದು ಅಕ್ಕ, ಅವನ ಊರು ಬೇರೆ, ನಿಮ್ಮ ಊರು ಬೇರೆ. ರಸ್ತೆ ಬದಿಯ ಗೆರೆ ನೋಡಿ. ಹೆಡ್‌ಲೈಟ್ ತಗ್ಗಿಸಿ, ನಿಧಾನ ಹೋಗಿ. ಓಡುವಾಗ ನಾಲ್ಕೂ ಇಂಡಿಕೇಟರ್ ಹಾಕ್ಬೇಡಿ, ಗಾಡಿ ನಿಂತದ್ದು ಅಂತ ಹಿಂದಿನವನು ಗ್ರಹಿಸ್ತಾನೆ. ಸ್ವಲ್ಪ ಬೆಳಕಾಗ್ಲಿ, ಮತ್ತೆ ಯಲ್ಲಾ, ಹೊರಡಿ.”

ಶಾಲೆಗೆ ಫೋನ್ ಮಾಡಿದೆ. “ಮಾಫಿ ಮುಷ್ಕಿಲ್,” ಎಂದಳು ಆಫೀಸಿನ ಮಲಯಾಳಿ ಹುಡುಗಿ. ತೊಂದರೆಯಿಲ್ಲ ಎಂದರ್ಥ. ಪ್ರಿನ್ಸಿಪಾಲರೂ ದಾರಿಯಲ್ಲೇ ಸಿಕ್ಕಿಬಿದ್ದಿದ್ದರಂತೆ! ಗೆರೆ ಹಿಡಿದು ಹೋದೆ. ಮುಕ್ಕಾಲು ಗಂಟೆ ತಡವಾಗಿ ತಲುಪಿದೆ, ಕೆಲಸ ಸಿಕ್ಕಿತು. ಹಾಗೆ ಸಿಕ್ಕಿದ ಕೆಲಸಕ್ಕೆ ಸೇರಿ ಈಗ ಮೂರು ಚಳಿಗಾಲ ಕಳೆದಿವೆ, ನಾನು ಸುಖವಾಗಿದ್ದೇನೆ. ದಿನಾ ಶಾಲೆಗೆ ಒಬ್ಬಳೇ ಕಾರು ಓಡಿಸಿಕೊಂಡು ಹೋಗುವ ಆ ಹೊತ್ತು ದಿನದಲ್ಲೇ ನನಗೆ ತುಂಬ ಇಷ್ಟ.

ಕಳೆದ ರಜೆಯಲ್ಲಿ ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಚಾರ್ಮಾಡಿ ಹತ್ತಿದೆ. ಮಂಜು ಇಳಿಯಿತು. ಮುಂದಿದ್ದ ಬಸ್ಸನ್ನು ನಾನು ಬೇಕೆಂದೇ ದೂರ ಬಿಟ್ಟೆ.

“ಬಸ್ಸನ್ನು ಯಾಕೆ ಬಿಟ್ಟದ್ದು ಮಗಾ? ಹಾರ್ನ್ ಆದ್ರೂ ಹಾಕು!”

ಮೂರು ವರ್ಷದಿಂದ ಕತಾರಿನ ರಸ್ತೆಯಲ್ಲಿ ಹಾರ್ನ್ ಮುಟ್ಟಿದ ನೆನಪೇ ನನಗಿರಲಿಲ್ಲ. ಕಣ್ಣು ಬದಿಯ ಗೆರೆಯನ್ನು ಹುಡುಕುತ್ತಿತ್ತು. ಮಳೆಗಾಲ ಅದನ್ನು ಎಂದೋ ತೊಳೆದು ಹಾಕಿತ್ತು. ಅಪ್ಪ ಹೇಳಿದಂತೆ ಹಾರ್ನ್ ಒತ್ತಿ, ಹುಟ್ಟಿದ ಊರಿನ ದಾರಿಯಲ್ಲಿ ಹೊಸಬಳಂತೆ, ದೂರ ಮಿಣುಕುತ್ತಿದ್ದ ಬಸ್ಸಿನ ಆ ಕೆಂಪು ದೀಪದ ಹಿಂದೆ ಹೊರಟೆ.