ವೈಜನಾಥಪ್ಪನ ಲಂಡನ್ ದಾರಿ

ಬಸವಕಲ್ಯಾಣದ ಪೇಟೆಯಲ್ಲಿ ಹಿತ್ತಾಳೆ, ತಾಮ್ರದ ಭಾಂಡೆ ಮಾರುತ್ತಿದ್ದ ವೈಜನಾಥಪ್ಪ ನಲವತ್ತನಾಲ್ಕು ವರ್ಷದವನಾಗುವವರೆಗೆ ಸೊಲ್ಲಾಪುರದ ಆಚೆ ಹೋದವನಲ್ಲ. ಹೋಗಬೇಕೆಂದು ಅನ್ನಿಸಿಯೂ ಇರಲಿಲ್ಲ. ಮೂರು ತಿಂಗಳಿಗೊಮ್ಮೆ ಸೊಲ್ಲಾಪುರದಿಂದ ಮಾಲು ತರುವುದು, ಮದುವೆಯ ಕಾಲದಲ್ಲಿ ಹಂಡೆ, ಕೊಳಗ ಮಾರುವುದು, ಮಧ್ಯಾಹ್ನ ಒಂದು ಗಂಟೆ ಮಲಗುವುದು, ಇಷ್ಟರಲ್ಲಿ ಅವನ ದಿನಗಳು ಸರಿಯಾಗಿ ಹಿಡಿಸುತ್ತಿದ್ದವು.

೧೯೬೭ರ ಚಳಿಗಾಲದಲ್ಲಿ ಒಂದು ನಿಶ್ಚಿತಾರ್ಥಕ್ಕೆಂದು ಹುಮನಾಬಾದಿಗೆ ಹೋಗಿದ್ದ. ಹೈವೇ ಪಕ್ಕದ ಹೋಟೆಲಿನ ಬೆಂಚಿನ ಮೇಲೆ ಬಿಳಿಯ ಗಂಡಸೊಬ್ಬ, ಹೆಂಗಸೊಬ್ಬಳು ಚಹಾ ಕುಡಿಯುತ್ತಿದ್ದರು. ಎದುರಿಗೆ ಧೂಳು ಮೆತ್ತಿದ ವ್ಯಾನು ನಿಂತಿತ್ತು. ಎಲ್ಲಿಂದ ಬಂದಿರಿ ಎಂದು ವೈಜನಾಥಪ್ಪ ತನಗೆ ಬರುವಷ್ಟು ಇಂಗ್ಲಿಷಿನಲ್ಲಿ ಕೇಳಿದ. ಲಂಡನ್ನಿನಿಂದ ಎಂದರು. ವ್ಯಾನನ್ನು ಮುಂಬಯಿಯವರೆಗೆ ಹಡಗಿನಲ್ಲಿ ತಂದಿರಾ ಎಂದು ಕೇಳಿದ. ಇಲ್ಲ, ಓಡಿಸಿಕೊಂಡು ಬಂದೆವು ಎಂದರು. ನಡುವೆ ಸಮುದ್ರವಿಲ್ಲವೇ ಎಂದು ಕೇಳಿದ್ದಕ್ಕೆ ಆ ಗಂಡಸು ಚಹಾ ಮುಗಿಸಿ, ಲಂಡನ್ನಿನ ಹತ್ತಿರ ಸ್ವಲ್ಪ ಇದೆ, ಇಪ್ಪತ್ತೊಂದು ಮೈಲಿ ಎಂದ.

ಅಂದು ಸಂಜೆ ಸಸ್ತಾಪುರ ಬಂಗ್ಲಾದ ಹತ್ತಿರ ಬಸ್ಸಿನಿಂದ ಇಳಿದ ವೈಜನಾಥಪ್ಪ ಊರಿನ ಕಡೆ ತಿರುಗದೆ ಹೈವೇ ಮೇಲೆಯೇ ಸ್ವಲ್ಪ ಹೊತ್ತು ನಿಂತ. ಈ ರಸ್ತೆಯನ್ನು ಚಿಕ್ಕಂದಿನಿಂದ ನೋಡಿದ್ದ. ಅದು ಎಲ್ಲಿಗೆ ಹೋಗುತ್ತದೆಂದು ಯಾರಾದರೂ ಕೇಳಿದರೆ ಸೊಲ್ಲಾಪುರಕ್ಕೆ ಎನ್ನುತ್ತಿದ್ದ. ಅದು ತಪ್ಪು ಉತ್ತರವಾಗಿರಲಿಲ್ಲ, ಅಪೂರ್ತಿಯಾಗಿತ್ತು.

ಮನೆಗೆ ಬಂದು ಹೆಂಡತಿ ಶಕುಂತಲಾಬಾಯಿಗೆ, ಕಾರು ತೆಗೆದುಕೊಂಡು ಲಂಡನ್ನಿಗೆ ಹೋಗಿಬರೋಣ ಎಂದು ಹೇಳಿದ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

“ಅಲ್ಲಿ ಹೋಗಿ ಏನ್ ಮಾಡೋದ್ರಿ?” ಎಂದಳು.

ವೈಜನಾಥಪ್ಪ ಅದನ್ನು ಯೋಚಿಸಿರಲಿಲ್ಲ. “ವಾಪಸ್ ಬರೋದು,” ಎಂದ.

ಅವಳಿಗೆ ಈ ಉತ್ತರ ಸಾಕಾದಂತೆ ಕಂಡಿತು. ಖಡಕ್ ರೊಟ್ಟಿ ಒಂದು ತಿಂಗಳು ತಡೆಯುತ್ತದೆ, ಶೇಂಗಾ ಹಿಂಡಿ ಎರಡು ತಿಂಗಳು ತಡೆಯುತ್ತದೆ, ಆಮೇಲಿನದನ್ನು ನೀವು ನೋಡಿಕೊಳ್ಳಬೇಕು ಎಂದು ಹೇಳಿದಳು.

ಮರುವರ್ಷ ಸೊಲ್ಲಾಪುರದ ಡಾಕ್ಟರೊಬ್ಬರಿಂದ ಹಳೆಯ ಅಂಬಾಸಡರ್ ಕೊಂಡು ತಂದ. ಅವನಿಗೆ ಓಡಿಸಲು ಬರುತ್ತಿರಲಿಲ್ಲ. ಇಸ್ಮಾಯಿಲ ಎಂಬ ಲಾರಿ ಡ್ರೈವರನನ್ನು ಕೆಲಸಕ್ಕೆ ಇಟ್ಟುಕೊಂಡ. ಇಸ್ಮಾಯಿಲ ನಿಜಾಮರ ಕಾಲದ ಶಾಲೆಯಲ್ಲಿ ಉರ್ದುವಿನ ಜೊತೆ ನಾಲ್ಕಕ್ಷರ ಫಾರಸಿ ಕಲಿತವನು, ಇರಾನಿನಲ್ಲಿ ಉಪಯೋಗಕ್ಕೆ ಬರುತ್ತಾನೆ ಎಂಬುದು ವೈಜನಾಥಪ್ಪನ ಲೆಕ್ಕ. ಲಂಡನ್ನಿನ ವಿಷಯ ಕೇಳಿದ ಇಸ್ಮಾಯಿಲ, ಗಾಡಿಯ ಬ್ರೇಕ್ ಮೊದಲು ಮಾಡಿಸಬೇಕು ಎಂದಷ್ಟೇ ಹೇಳಿದ.

ತಯಾರಿ ಶುರುವಾಯಿತು. ವೈಜನಾಥಪ್ಪ ಇನ್ನೂರು ಹಾಳೆಯ ನೋಟುಬುಕ್ಕಿನಲ್ಲಿ ಮೂರು ದಾರಿಗಳನ್ನು ಬರೆದ. ಮೊದಲನೆಯದು ಪಾಕಿಸ್ತಾನದ ಮೇಲಿಂದ. ಎರಡನೆಯದು ಮುಂಬಯಿಯಿಂದ ಕಾರನ್ನು ಹಡಗಿಗೆ ಹಾಕಿ ಇರಾನಿನ ಖೋರಂಶಹರದಲ್ಲಿ ಇಳಿಸಿಕೊಳ್ಳುವುದು. ಮೂರನೆಯದು ಅದೇ ಹಡಗಿನಲ್ಲಿ ಬಸ್ರಾಕ್ಕೆ ಹೋಗಿ ಇರಾಕಿನ ಮೇಲಿಂದ ತುರ್ಕಿ ಸೇರುವುದು. ದೆಹಲಿಯ ಒಂದೊಂದು ರಾಯಭಾರ ಕಚೇರಿಗೂ ಕಾಗದ ಬರೆದು ಪೆಟ್ರೋಲು ಎಲ್ಲಿ ಸಿಗುತ್ತದೆ, ಸೇತುವೆಗಳು ಗಟ್ಟಿ ಇವೆಯೇ, ಸಸ್ಯಾಹಾರ ಸಿಗುತ್ತದೆಯೇ ಎಂದು ವಿಚಾರಿಸಿದ. ಹೆಚ್ಚಿನವರು ಉತ್ತರ ಬರೆದರು. ಪಾಕಿಸ್ತಾನದ ಕಡೆಯಿಂದ ಬಂದ ಉತ್ತರ ಎರಡೇ ಸಾಲಿನದಾಗಿತ್ತು. ಮೊದಲನೆಯ ದಾರಿಗೆ ಅವನು ಕಾಟು ಹಾಕಿದ.

ಪಾಸ್‌ಪೋರ್ಟಿಗೆ ಅರ್ಜಿ ಹಾಕಿದ ಮೇಲೆ ವಿಚಾರಣೆಗೆಂದು ಹವಾಲ್ದಾರ ಪಂಡರಿ ಅಂಗಡಿಗೆ ಬಂದ. ವಿದೇಶಕ್ಕೆ ಹೋಗಲು ಕಾರಣವೇನು ಎಂಬ ಕಾಲಂ ತುಂಬಬೇಕಾಗಿತ್ತು. ವ್ಯಾಪಾರವೇ, ಓದೇ, ದವಾಖಾನೆಯೇ, ಬಳಗದವರಿದ್ದಾರೆಯೇ ಎಂದು ಒಂದೊಂದಾಗಿ ಕೇಳಿದ. ವೈಜನಾಥಪ್ಪ ಎಲ್ಲಕ್ಕೂ ಇಲ್ಲ ಎಂದ. ಪಂಡರಿ ಒಂದು ಕಪ್ ಚಹಾ ಕುಡಿಯುವಷ್ಟು ಹೊತ್ತು ಯೋಚಿಸಿ, ‘ಕಾರಣ: ಏನೂ ಇಲ್ಲ. ನಡತೆ: ಒಳ್ಳೆಯದು’ ಎಂದು ಬರೆದುಕೊಂಡು ಹೋದ. ಪಾಸ್‌ಪೋರ್ಟು ಬಂತು. ಅದರಲ್ಲಿ ಒಂಬತ್ತು ದೇಶಗಳ ಹೆಸರನ್ನು ಕೈಯಿಂದ ಬರೆದಿದ್ದರು.

೧೯೭೨ರ ಜನವರಿಗೆ ಹೊರಡುವುದು ನಿಗದಿಯಾಯಿತು. ಡಿಸೆಂಬರಿನ ಮೊದಲ ವಾರ ಪಾಕಿಸ್ತಾನದ ಜೊತೆ ಯುದ್ಧ ಶುರುವಾಯಿತು. ಮುಂಬಯಿಯ ಹಡಗು ಕಚೇರಿಯವರು, ಸದ್ಯಕ್ಕೆ ಯಾವುದೂ ಖಾತ್ರಿಯಿಲ್ಲ ಎಂದು ತಂತಿ ಕಳಿಸಿದರು. ಶಕುಂತಲಾಬಾಯಿ ಮಾಡಿಟ್ಟಿದ್ದ ಮುನ್ನೂರು ಖಡಕ್ ರೊಟ್ಟಿಯನ್ನು ಓಣಿಯವರು ಸಂಕ್ರಾಂತಿಯವರೆಗೆ ತಿಂದರು. ಯುದ್ಧ ಮುಗಿದ ಮೇಲೆ ಅವಳಿಗೆ ಮೊಣಕಾಲು ನೋವು ಹತ್ತಿತು. ನೋವು ಕಡಿಮೆಯಾಗುವಷ್ಟರಲ್ಲಿ ಅರಬರು ಪೆಟ್ರೋಲಿನ ದರ ಏರಿಸಿದರು. ವೈಜನಾಥಪ್ಪ ಪಾಸ್‌ಪೋರ್ಟನ್ನು ಹೊಸದು ಮಾಡಿಸಿ, ನೋಟುಬುಕ್ಕಿನಲ್ಲಿ ತಾರೀಖು ತಿದ್ದಿದ.

ಈ ಹೊತ್ತಿಗೆ ಬಸವಕಲ್ಯಾಣ, ಹುಮನಾಬಾದಿನ ಹುಡುಗರು ಕೆಲಸಕ್ಕಾಗಿ ಅರಬ್ ದೇಶಗಳಿಗೆ ಹೋಗಲು ಶುರುಮಾಡಿದ್ದರು. ಪಾಸ್‌ಪೋರ್ಟಿನ ಫಾರ್ಮು ತುಂಬಲು ಗೊತ್ತಿದ್ದವನು ಇಡೀ ತಾಲೂಕಿನಲ್ಲಿ ವೈಜನಾಥಪ್ಪನೊಬ್ಬನೇ. ಭಾಂಡೆ ಅಂಗಡಿಯ ಮುಂದೆ ಭಾಂಡೆ ಬೇಡದ ಜನ ಸಾಲು ನಿಂತರು. ಅವನು ಯಾರಿಂದಲೂ ದುಡ್ಡು ತೆಗೆದುಕೊಳ್ಳಲಿಲ್ಲ. ಒಂದು ಷರತ್ತು ಮಾತ್ರ ಹಾಕುತ್ತಿದ್ದ: ಹೋದ ಮೇಲೆ ಅಲ್ಲಿಯ ರಸ್ತೆ ಹೇಗಿದೆ ಎಂದು ಕಾಗದ ಬರೆಯಬೇಕು. ಜನ ಮಾತಿಗೆ ತಪ್ಪಲಿಲ್ಲ. ಮನೆಗೆ ಬರೆಯದವರೂ ಅವನಿಗೆ ಬರೆದರು. ಕೆಲವು ತಾಯಂದಿರು ಮಗ ಬದುಕಿದ್ದಾನೆಂಬುದನ್ನು ವೈಜನಾಥಪ್ಪನ ಅಂಗಡಿಗೆ ಬಂದು, ರಸ್ತೆಯ ಸುದ್ದಿಯ ಜೊತೆ ತಿಳಿದುಕೊಂಡು ಹೋಗುತ್ತಿದ್ದರು.

೧೯೭೬ರಲ್ಲಿ ಒಂದು ದಿನ ಸಾಲಿನ ಕೊನೆಯಲ್ಲಿ ಇಸ್ಮಾಯಿಲ ನಿಂತಿದ್ದ. ತನ್ನ ಸರದಿ ಬರುವವರೆಗೆ ಮುಂದೆ ಬರಲಿಲ್ಲ.

“ಸಾವ್ಕಾರ್ರ, ನಂದೂ ಒಂದು ಫಾರ್ಮ್ ತುಂಬ್ರಿ,” ಎಂದ.

“ಯಾವ ದೇಶಕ್ಕ?”

“ಕುವೈತಕ್ಕ ರಿ. ಡ್ರೈವರ್ ಕೆಲಸ ಅದ.”

ವೈಜನಾಥಪ್ಪ ಪೆನ್ನಿನ ಟೊಪ್ಪಿಗೆ ತೆಗೆದ. “ಅದು ನಮ್ಮ ದಾರ್ಯಾಗ ಬರಂಗಿಲ್ಲ,” ಎಂದ.

“ಇಲ್ರಿ. ಬಸ್ರಾದಾಗ ಎಡಕ್ಕ ಹೊಳ್ಳಬೇಕು.”

ವೈಜನಾಥಪ್ಪ ಫಾರ್ಮು ತುಂಬಿದ. ಅಕ್ಷರ ಯಾವಾಗಿನಷ್ಟು ದುಂಡಗಾಗಲಿಲ್ಲ. ಇಸ್ಮಾಯಿಲನಿಗೆ ಮೂವರು ಹೆಣ್ಣುಮಕ್ಕಳು, ಒಬ್ಬಳ ನಿಕಾಹ್ ನಿಶ್ಚಯವಾಗಿತ್ತು. ಬೇಡವೆನ್ನಲು ಕಾರಣವಿರಲಿಲ್ಲ. ಹೊರಡುವ ಮೊದಲು ಇಸ್ಮಾಯಿಲ ನಾಲ್ಕು ದಿನ ಅಂಗಡಿಯಲ್ಲಿ ಕೂತು ಮೂರನೆಯ ದಾರಿಯನ್ನು ಉರ್ದುವಿನಲ್ಲಿ ನಕಲು ಮಾಡಿಕೊಂಡ. ಯಾಕೆಂದು ವೈಜನಾಥಪ್ಪ ಕೇಳಲಿಲ್ಲ. ಇಸ್ಮಾಯಿಲ ಹೋದ ಮೇಲೆ ಬೇರೆ ಡ್ರೈವರನನ್ನು ಇಟ್ಟುಕೊಳ್ಳಲಿಲ್ಲ. ಕಾರಿಗೆ ತಾಡಪತ್ರಿ ಹೊದಿಸಿದ.

ಎರಡು ವರ್ಷದ ಮೇಲೆ ಇಸ್ಮಾಯಿಲನ ಹನ್ನೊಂದು ಪುಟದ ಕಾಗದ ಬಂತು. ಅವನ ಕುವೈತಿನ ಸಾಹೇಬರಿಗೆ ಹೃದಯದ ಚಿಕಿತ್ಸೆಗಾಗಿ ಲಂಡನ್ನಿಗೆ ಹೋಗಬೇಕಾಗಿತ್ತು. ಅವರಿಗೆ ವಿಮಾನದ ಹೆದರಿಕೆ. ಇಸ್ಮಾಯಿಲ ಅವರನ್ನು ಬಸ್ರಾ, ಬಗದಾದ್, ತುರ್ಕಿ, ಬಲ್ಗೇರಿಯಾ, ಆಸ್ಟ್ರಿಯಾ, ಜರ್ಮನಿಯ ಮೇಲಿಂದ ಕಾರಿನಲ್ಲಿ ಕರೆದುಕೊಂಡು ಹೋಗಿ, ಹಾಗೆಯೇ ವಾಪಸ್ ಕರೆತಂದಿದ್ದ. ಸಾಹೇಬರ ಹತ್ತಿರ ಒಳ್ಳೆಯ ನಕಾಶೆ ಇತ್ತು, ಆದರೆ ಗಾಡಿ ಹೋಗಿದ್ದು ಸಾವ್ಕಾರ್ರ ನೋಟುಬುಕ್ಕಿನಂತೆ ಎಂದು ಬರೆದಿದ್ದ. ಉಳಿದ ಒಂಬತ್ತು ಪುಟಗಳಲ್ಲಿ ನೋಟುಬುಕ್ಕಿನ ಹದಿನೇಳು ತಪ್ಪುಗಳಿದ್ದವು.

ವೈಜನಾಥಪ್ಪ ಕಾಗದ ಮಡಚಿ ತಿಜೋರಿಯಲ್ಲಿಟ್ಟ. ಒಂದು ತಿಂಗಳು ನೋಟುಬುಕ್ಕು ಮುಟ್ಟಲಿಲ್ಲ, ಫಾರ್ಮನ್ನೂ ತುಂಬಲಿಲ್ಲ. ಬಂದವರಿಗೆ ಕಣ್ಣು ನೋವು ಎಂದು ಹೇಳಿದ. ಒಂದು ದಿನ ಊಟಕ್ಕೆ ಕೂತಾಗ ಶಕುಂತಲಾಬಾಯಿ ಕೇಳಿದಳು:

“ಅಂವ ದಾರಿ ತಪ್ಪಿದ್ನೇನು ಎಲ್ಲ್ಯಾದ್ರೂ?”

“ಇಲ್ಲ.”

“ಮತ್ತ ಯಾಕ ಸಿಟ್ಟು?”

ಸಿಟ್ಟು ಇಸ್ಮಾಯಿಲನ ಮೇಲಲ್ಲ ಎಂಬುದು ಅವನಿಗೆ ಗೊತ್ತಿತ್ತು, ಯಾರ ಮೇಲೆ ಎಂಬುದು ಗೊತ್ತಿರಲಿಲ್ಲ. ಮರುದಿನ ಕೆಂಪು ಪೆನ್ಸಿಲು ತೆಗೆದು ಹದಿನೇಳು ತಪ್ಪುಗಳನ್ನು ತಿದ್ದಿದ. ಮೂರರ ಬಗ್ಗೆ ಅನುಮಾನ ಉಳಿದದ್ದರಿಂದ ಇಸ್ಮಾಯಿಲನಿಗೆ ಕಾಗದ ಬರೆದು ವಿವರ ಕೇಳಿದ.

೧೯೮೧ರಲ್ಲಿ ಇಸ್ಮಾಯಿಲ ಕುವೈತ್ ಬಿಟ್ಟು ಊರಿಗೆ ಬಂದ. ಮರುದಿನ ತಾಡಪತ್ರಿ ಸರಿಸಿ ಕಾರಿನ ಬಾನೆಟ್ ತೆರೆದ. ಆಗ ಇರಾನಿಗೂ ಇರಾಕಿಗೂ ಯುದ್ಧ ನಡೆದಿತ್ತು. ಎರಡನೆಯ ದಾರಿಯೂ ಮೂರನೆಯ ದಾರಿಯೂ ಬಂದ್ ಆಗಿದ್ದವು. ವೈಜನಾಥಪ್ಪನಿಗೆ ಐವತ್ತೆಂಟು. ಯಾವ ದೇಶಕ್ಕೆ ಕಾಗದಪತ್ರ ಬೇಡ ಎಂದು ಶಕುಂತಲಾಬಾಯಿ ಕೇಳಿದಳು. ನೇಪಾಳ ಎಂದ. ಹಾಗಾದರೆ ಮೊದಲು ಅಲ್ಲಿಗೆ ನಡೆಯಿರಿ, ಮೊಣಕಾಲು ಇನ್ನೆಷ್ಟು ದಿನ ಸುಮ್ಮನಿರುತ್ತದೋ ಎಂದಳು.

ನಾಗಪುರ, ಬನಾರಸ, ಗೋರಖಪುರದ ಮೇಲಿಂದ ಎಂಟನೆಯ ದಿನ ಗಡಿ ಮುಟ್ಟಿದರು. ವೈಜನಾಥಪ್ಪ ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ಪಾಸ್‌ಪೋರ್ಟು ಮುಂದೆ ಹಿಡಿದ. ಹಿಂದುಸ್ತಾನದವರಿಗೆ ಅದು ಬೇಡ ಎಂದು ನೇಪಾಳದ ಸಿಪಾಯಿ ಹೇಳಿದ. ಬೇಡವಾದರೂ ಒಂದು ಶಿಕ್ಕಾ ಹೊಡೆಯಿರಿ ಎಂದು ಇವನು ಕೇಳಿದ. ಸಿಪಾಯಿ ಹೊಡೆಯುವಂತಿಲ್ಲ ಎಂದ. ಕಾರಿಗೆ ಮಾತ್ರ ಪರವಾನಗಿ ಕಾಗದ ಬೇಕಾಗಿತ್ತು, ಅದಕ್ಕೆ ಎರಡು ಶಿಕ್ಕಾ ಬಿತ್ತು. ವೈಜನಾಥಪ್ಪ ಪಾಸ್‌ಪೋರ್ಟನ್ನು ಒಳಜೇಬಿಗೆ ಇಟ್ಟುಕೊಂಡ.

ಮೂರನೆಯ ಘಾಟಿನಲ್ಲಿ ರೇಡಿಯೇಟರ್ ಕುದಿಯಿತು. ಇಸ್ಮಾಯಿಲ ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿದ. ದೂರದಲ್ಲಿ ಹಿಮದ ಬೆಟ್ಟಗಳು ಕಂಡವು. ಶಕುಂತಲಾಬಾಯಿ ನೋಡಿ, ಸುಣ್ಣ ಬಳಿದಂಗ ಅದ ಎಂದು ಹೇಳಿ, ಮೂವರಿಗೂ ರೊಟ್ಟಿ ಹಿಂಡಿ ಬಡಿಸಿದಳು. ಇಸ್ಮಾಯಿಲ ಬಂದು ಆರು ತಿಂಗಳಾಗಿದ್ದರೂ ವೈಜನಾಥಪ್ಪ ರಸ್ತೆಯದನ್ನು ಬಿಟ್ಟು ಬೇರೇನನ್ನೂ ಅವನಿಂದ ಕೇಳಿರಲಿಲ್ಲ. ಈಗ ಕಲ್ಲಿನ ಮೇಲೆ ಕೂತು ಕೇಳಿದ:

“ಲಂಡನ್ ಹ್ಯಾಂಗಿತ್ತೋ ಇಸ್ಮಾಯಿಲ?”

ಇಸ್ಮಾಯಿಲ ತುತ್ತು ನುಂಗಿದ.

“ನಂಗೇನ್ ಗೊತ್ರಿ ಸಾವ್ಕಾರ್ರ. ಸಾಹೇಬ್ರು ದವಾಖಾನ್ಯಾಗ ಇದ್ರು, ನಾ ಗಾಡ್ಯಾಗ ಕುಂತಿದ್ದೆ. ನಾಕು ದಿನ. ಮಳಿ ಹೊಡ್ಯಾಕತ್ತಿತ್ತು, ಏನೂ ಕಾಣ್ಲಿಲ್ಲ. ಹೋಗೋ ದಾರಿ ಭಾಳ ಛಲೋ ಇತ್ತು.”

ವೈಜನಾಥಪ್ಪ ತನ್ನ ತಾಟಿನಲ್ಲಿದ್ದ ಇನ್ನೊಂದು ರೊಟ್ಟಿಯನ್ನು ಅವನ ತಾಟಿಗೆ ಹಾಕಿ, ತುರ್ಕಿಯಿಂದ ಶುರುಮಾಡಿ ಎಲ್ಲ ಹೇಳು ಎಂದ. ಇಸ್ಮಾಯಿಲ ಹೇಳತೊಡಗಿದ. ರೇಡಿಯೇಟರ್ ಯಾವಾಗಲೋ ಆರಿತ್ತು. ಅವನ ಮಾತಿನಲ್ಲಿ ಸಾಹೇಬರ ಗಾಡಿ ಬಲ್ಗೇರಿಯಾ ದಾಟುವವರೆಗೆ ಯಾರೂ ಏಳಲಿಲ್ಲ.

ಕಠ್ಮಂಡುವಿನಲ್ಲಿ ಐದು ದಿನ ಇದ್ದರು. ಶಕುಂತಲಾಬಾಯಿ ಒಂದು ಶಾಲು ಕೊಂಡಳು. ಇಪ್ಪತ್ತಮೂರನೆಯ ದಿನ ಬಸವಕಲ್ಯಾಣಕ್ಕೆ ಬಂದರು. ಪೇಟೆಯಲ್ಲಿ ಅರ್ಧ ಜನ ಅವರು ಲಂಡನ್ನಿಗೆ ಹೋಗಿಬಂದರೆಂದೇ ತಿಳಿದಿದ್ದರು. ವೈಜನಾಥಪ್ಪ ಒಂದು ವಾರ ಅಂಗಡಿಯ ಬಾಗಿಲಲ್ಲಿ ಕೂತು, ಬಂದವರಿಗೆಲ್ಲ ತಾನು ಹೋಗಿಲ್ಲ, ಇಸ್ಮಾಯಿಲ ಹೋಗಿದ್ದಾನೆ ಎಂದು ತಿಳಿಸಿ ಹೇಳಿದ.