ಬಾವಲಿ ಅಡಿಕೆ

ನಂದೊಳ್ಳಿಯ ಆ ಮನೆಗೆ ನಾನು ಸೊಸೆಯಾಗಿ ಹೋದದ್ದು ತೊಂಬತ್ತರ ದಶಕದ ಮೊದಲಲ್ಲಿ. ಅಲ್ಲಿ ಬಾವಲಿ ಅಡಿಕೆ ಹೆಂಗಸರದ್ದು. ಹಾಗೆಂದು ಯಾರೂ ಬಾಯಿಬಿಟ್ಟು ಹೇಳಿದ್ದಿಲ್ಲ. ಬಾವಲಿ ಹಣ್ಣಡಿಕೆ ಕಚ್ಚಿಕೊಂಡು ಹೋಗಿ, ಬೆಟ್ಟದಂಚಿನ ಬೈನೆ ಮರದಲ್ಲಿ ಜೋತುಬಿದ್ದು, ಸಿಪ್ಪೆಯ ರಸ ಹೀರಿ, ಒಳಗಿನ ಅಡಿಕೆಯನ್ನು ಕೆಳಗೆ ಬಿಡುತ್ತದೆ. ತೋಟದಲ್ಲಿ ಬಿದ್ದದ್ದು ಮಾವನದು, ಬೈನೆಯ ಬುಡದಲ್ಲಿ ಬಿದ್ದದ್ದು ಅತ್ತೆಯದು. ಬೆಳಿಗ್ಗೆ ಕೊಟ್ಟಿಗೆ ಕೆಲಸ ಮುಗಿಸಿ ಅತ್ತೆ ಬುಟ್ಟಿ ಹಿಡಿದು ಹೊರಡುವರು, ಹಿಂದೆ ನಾನು. ಬಾವಲಿಗಳೇ ತಂದು ಬೀಳಿಸಿದ ಬೀಜದಿಂದ ಎದ್ದ ನೇರಳೆ, ರಂಜಲು ಸಸಿಗಳು ಅಲ್ಲಿ ಕಾಲಿಟ್ಟಲ್ಲೆಲ್ಲ ಇದ್ದವು. ಅವನ್ನು ತುಳಿಯದಂತೆ ಹೆಕ್ಕಬೇಕು ಎನ್ನುವುದು ಅತ್ತೆ ನನಗೆ ಕಲಿಸಿದ ಒಂದೇ ಪಾಠ. ಅಡುಗೆಯ ವಿಷಯದಲ್ಲಿ ಅವರು ಮೊದಲೇ ಕೈಚೆಲ್ಲಿದ್ದರು.

ಒಣಗಿಸಿ ಸುಲಿದ ಆ ಅಡಿಕೆ ಯಲ್ಲಾಪುರದಲ್ಲಿ ಮಾರಾಟವಾಗುತ್ತಿತ್ತು. ಬಂದದ್ದರಲ್ಲಿ ಅತ್ತೆ ವರ್ಷಕ್ಕೊಮ್ಮೆ ಸಿದ್ದಾಪುರದ ಕಡೆಯ ತ್ಯಾಗಲಿಗೆ, ತವರಿಗೆ ಹೋಗಿ ಬರುವರು. ಅಲ್ಲಿ ಅವರ ಅಮ್ಮ ಇದ್ದರು. ಬಸ್ಸಿನ ಖರ್ಚು ಎಲ್ಲಿಂದ ಎಂದು ಮಾವ ಕೇಳಿದವರಲ್ಲ. ತವರಿನವರೇ ಕೊಡುತ್ತಾರೆ ಎಂದುಕೊಂಡಿದ್ದರೋ ಏನೋ.

ಒಂದು ವರ್ಷ ಮಾವನಿಗೆ ಬಾವಲಿಗಳ ಮೇಲೆ ಸಿಟ್ಟು ನೆತ್ತಿಗೇರಿತು.

“ಬೈನೆ ಕಡದ್ರೆ ಎಲ್ಲಿ ಜೋತು ಬೀಳ್ತು ನೋಡ್ತೆ,” ಎಂದರು.

“ಎಲ್ಲಿದ್ರೂ ತಿಂಬಲೆ ಇಲ್ಲಿಗೇ ಬರ್ತು,” ಎಂದರು ಅತ್ತೆ. ತಮ್ಮ ಪಾಲಿನ ಮಾತು ಎತ್ತಲಿಲ್ಲ. ಎತ್ತಿದರೆ ಅದೂ ಮನೆಯ ಲೆಕ್ಕಕ್ಕೆ ಸೇರುತ್ತಿತ್ತು.

ಮರ ಬಿತ್ತು, ಅದರ ಕೆಳಗೆ ಸಸಿಗಳೂ ನುಗ್ಗಾದವು. ಬಾವಲಿಗಳು ಹಳ್ಳದಾಚೆಯ ಕಾಡು ಸೇರಿ, ಅಲ್ಲಿಂದಲೇ ತೋಟಕ್ಕೆ ಬಂದು ಹೋಗಿ ಮಾಡತೊಡಗಿದವು. ಮಾವನಿಗೆ ಒಂದು ಅಡಿಕೆಯೂ ಹೆಚ್ಚಿಗೆ ದಕ್ಕಲಿಲ್ಲ, ನಮಗೆ ಸಿಗುತ್ತಿದ್ದದ್ದು ನಿಂತಿತು. ಅತ್ತೆಯೂ ನಾನೂ ಹಳ್ಳ ದಾಟಿ ಹುಡುಕಿದೆವು. ಮುಳ್ಳಿನ ಪೊದೆಯೊಳಗೆ ಅಲ್ಲೊಂದು ಇಲ್ಲೊಂದು ಅಡಿಕೆ, ಕೈಗೆ ಎಟುಕುವಂತಿರಲಿಲ್ಲ.

“ಇದು ಕಾಡಿಗಾತು ತಂಗಿ, ಬಾ,” ಎಂದು ಅತ್ತೆ ಖಾಲಿ ಬುಟ್ಟಿ ಎತ್ತಿಕೊಂಡರು.

ಕೊಯ್ಲು ಮುಗಿದ ಮೇಲೆ ಒಂದು ಮಧ್ಯಾಹ್ನ ಊಟಕ್ಕೆ ಕೂತ ಮಾವ, “ಈ ಸಲ ತ್ಯಾಗಲಿಗೆ ಹೋಗ್ತಿಲ್ಯನೆ?” ಎಂದು ಕೇಳಿದರು.

ಅತ್ತೆ ಮಜ್ಜಿಗೆ ಬಡಿಸುತ್ತ, “ಬಸ್ಸಿಗೆ ದುಡ್ಡಿಲ್ಲೆ,” ಎಂದರು. “ಆನು ಬೈನೆ ಬುಡದಲ್ಲಿ ಹೆಕ್ಕಿದ್ರಲ್ಲೇ ಹೋಗ್ತಿದ್ದಿ.”

ಮಾವ ಊಟ ಮುಗಿಸಿದರು. ಕೈ ತೊಳೆದು ಬಂದು, ಗೂಟಕ್ಕೆ ನೇತುಹಾಕಿದ್ದ ಅಂಗಿಯ ಜೇಬಿನಿಂದ ನೋಟು ತೆಗೆದು ಮುಂದೆ ಹಿಡಿದರು.

“ಅದು ನಿಂಗ್ಳ ದುಡ್ಡು,” ಎಂದು ಅತ್ತೆ ಎಂಜಲೆಲೆ ಎತ್ತಿಕೊಂಡು ಒಳಗೆ ಹೋದರು.

ನನಗೆ ಮಾವನಿಗಿಂತ ಅತ್ತೆಯ ಮೇಲೇ ಸಿಟ್ಟು ಬಂತು. ಈಸಿಕೊಂಡು ಹೋಗಿ ಅಮ್ಮನ ಮುಖ ನೋಡಿ ಬರಬಾರದೆ? ಅವರು ಹೋಗಲಿಲ್ಲ.

ಮಳೆ ಶುರುವಾದ ಮೇಲೆ, ಅತ್ತೆಯ ಅಮ್ಮ ತೀರಿಕೊಂಡರೆಂದು ತ್ಯಾಗಲಿಯಿಂದ ಸುದ್ದಿ ಬಂತು. ಬಸ್ಸಿನಲ್ಲಿ ತನಗೂ ಅತ್ತೆಗೂ ಮಾವನೇ ಟಿಕೆಟ್ ತೆಗೆಸಿದರು. ಅತ್ತೆ ಬೇಡ ಎನ್ನಲಿಲ್ಲ.