ಗೇಣು ಎತ್ತರದ ಹ್ಯಾಂಡಲ್ಲು

ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ದೇವರು ಕೊಟ್ಟಾಗ ನನ್ನ ಬೆನ್ನು ನೆಟ್ಟಗೇ ಇತ್ತು. ಬಗ್ಗಿಸಿದ್ದು ನನ್ನ ಮೋಟರ್ ಸೈಕಲ್ಲು.

ಚನ್ನಗಿರಿಯಾಗೆ ನಮ್ಮ ಸೋದರಮಾವಂದು ಪಂಪ್‌ಸೆಟ್ ಅಂಗಡಿ. ನಾನಲ್ಲಿ ಏನು ಕೆಲಸ ಮಾಡ್ತೀನಿ ಅಂತ ಮಾವಗೂ ಸರಿಯಾಗಿ ಗೊತ್ತಿಲ್ಲ. ಉಬ್ರಾಣಿ ಕಡೆ ಯಾರದೋ ಮೋಟರ್ ಸುಟ್ಟೋತು ಅಂದ್ರೆ ಹೋಗೋದು, ಸುತ್ತ ತಿರುಗಿ ನೋಡೋದು, "ಹೌದು, ಸುಟ್ಟೈತೆ" ಅಂತ ಗಂಭೀರವಾಗಿ ಹೇಳಿ, ಮಜ್ಜಿಗೆ ಕುಡಿದು ಬರೋದು. ಇಂಥ ಜವಾಬ್ದಾರಿ ಇರೋನಿಗೆ ಗಾಡಿ ಬ್ಯಾಡ್ವಾ? ದಾವಣಗೆರೆಯಿಂದ ಸೆಕೆಂಡ್ ಹ್ಯಾಂಡ್ ಒಂದು ತಂದೆ. ಹಿಂದಿನ ಯಜಮಾನ ರೇಸಿನ ಹುಚ್ಚಿನೋನು, ಹ್ಯಾಂಡಲ್ ಇಳಿಸಿ ಇಳಿಸಿ ಹೆಚ್ಚುಕಮ್ಮಿ ಮುಂದಿನ ಗಾಲಿಗೇ ತಂದಿಟ್ಟಿದ್ದ. ನಾನು ಕೂತ್ರೆ, ಕಳೆದು ಹೋದ ಮೂಗುತಿ ಹುಡುಕೋರ ಥರ ಕಾಣ್ತಿದ್ದೆ. ಹೊನ್ನಾಳಿ ಸೇತುವೆ ಎಷ್ಟು ಸತಿ ದಾಟಿದೀನೋ ಲೆಕ್ಕ ಇಲ್ಲ. ಹೊಳೆ ಮಾತ್ರ ಒಂದು ಸತಿನೂ ನೋಡಿರಲಿಲ್ಲ. ಸೇತುವೆ ಮ್ಯಾಲಿನ ಗುಂಡಿಗಳೆಲ್ಲ ಪರಿಚಯ, ಹೊಳೆ ಅಪರಿಚಿತ.

ಇಂಥದ್ರಾಗೆ ನ್ಯಾಮತಿ ಚಿಕ್ಕವ್ವ ಜಗಳೂರಿನಾಗೆ ಒಂದು ಹೆಣ್ಣು ನೋಡಿದ್ಲು. ದೊಡ್ಡೋರೆಲ್ಲ ಬಸ್ಸಿಗೆ ಹೋದ್ರು. ನಾನು ಬಸ್ಸಿಗೆ ಹೋಗ್ತೀನಾ? ಗಾಡಿ ಇರೋ ಗಂಡು ಗಾಡಿ ಮ್ಯಾಲೇ ಬರಬೇಕಲ್ಲ. ಅಷ್ಟು ದೂರ ಬಗ್ಗಿ ಓಡಿಸ್ಕಂಡು ಹೋಗಿ ಅವರ ಮನೆ ಮುಂದೆ ಇಳಿದೆ. ನಾನು ಇಳಿದೆ, ಬೆನ್ನು ಇಳೀಲಿಲ್ಲ. ಗಾಡಿ ಮ್ಯಾಲೆ ಹೆಂಗಿತ್ತೋ ಹಂಗೇ ಹಿಡ್ಕಂಡು ಬಿಟ್ಟಿತ್ತು. ಬಗ್ಗಿಕೊಂಡೇ ಕೈ ಮುಗಿದೆ, ಬಗ್ಗಿಕೊಂಡೇ ಒಳಗೆ ಹೋದೆ. "ಎಷ್ಟು ವಿನಯ!" ಅಂದ್ರು ಹೆಣ್ಣಿನ ಅಪ್ಪ. ಗಳಿಗೆ ಕಳೆದ್ರೂ ವಿನಯ ಇಳೀದೆ ಇದ್ದಾಗ ಅವರ ಮುಖನೂ ಸಣ್ಣಗಾತು ಅಂತ ಆಮೇಲೆ ಚಿಕ್ಕವ್ವ ಹೇಳಿದ್ಲು. ನಾನು ನೋಡಲಿಲ್ಲ. ನೆಲದ ಮ್ಯಾಲಿಂದು ಬಿಟ್ಟು ನಂಗೇನೂ ಕಾಣ್ತಿರಲಿಲ್ಲ.

ಹೆಣ್ಣು ಚಾ ತಂದ್ಲು. ಹೆಸರು ಗಿರಿಜ. ಹಸಿರು ಸೀರೆ ಅಂಚು ಕಂಡ್ತು, ಕಾಲುಂಗುರ ಇಲ್ಲದ ಬೆರಳು ಕಂಡ್ವು. ಮ್ಯಾಲೆ ಒಂದು ಧ್ವನಿ, "ಸಕ್ರೆ ಸಾಕೇನ್ರಿ?" ಅಂತು. ಅಷ್ಟೇ. ಮನೆಗೆ ಬಂದ್ರೂ ಆ ಧ್ವನಿ ಕಿವಿಯಾಗೇ ಕೂತಿತ್ತು. ಮುಂಜಾನೆ ಅಂಗಡಿ ಬಾಗಿಲು ತೆಗೆದ್ರೆ ಸಕ್ರೆ ಸಾಕೇನ್ರಿ, ಪಂಪ್ ಚಾಲೂ ಮಾಡಿದ್ರೆ ಸಕ್ರೆ ಸಾಕೇನ್ರಿ. ಮುಖ ಕಾಣದ ಧ್ವನಿ ಅಂದ್ರೆ ಮೋಡದ ಹಿಂದಿನ ಚಂದ್ರ ಇದ್ದಂಗೆ ನೋಡ್ರಿ. ಇರೋದು ಗೊತ್ತು, ಎಲ್ಲಿ ಅಂತ ಗೊತ್ತಿಲ್ಲ, ಬೆಳಕು ಮಾತ್ರ ಮೈಮ್ಯಾಲೆ.

ಆ ಕಡೆಯಿಂದ ಸುದ್ದಿ ಬೇರೆನೇ ಬಂತು. ಅವರ ಮನೆ ಅಜ್ಜಿ ಚಿಕ್ಕವ್ವನ ಕೈ ಹಿಡಿದು, "ಹುಡುಗ ಚಲೋ ಅದಾನವ್ವ, ಆದ್ರೆ ಗೂನು ಐತಲ್ಲ. ಮದಲೇ ಹೇಳಬಾರದಾ?" ಅಂದಿತ್ತಂತೆ. ಚಿಕ್ಕವ್ವ ಆಣೆ ಪ್ರಮಾಣ ಎಲ್ಲ ಮಾಡಿದ ಮ್ಯಾಲೆ ಅಜ್ಜಿ ಒಂದು ಅವಕಾಶ ಕೊಡ್ತು: "ಇನ್ನೊಂದು ಸತಿ ಬಂದು ಹೋಗ್ಲಿ. ನೆಟ್ಟಗಿದ್ರೆ ಮಾತು, ಇಲ್ಲಾಂದ್ರೆ ಇಲ್ಲ."

"ಈ ಸತಿ ಬಸ್ಸಿಗೆ ಬಾರೋ ಮಾರಾಯ," ಅಂದ್ಲು ಚಿಕ್ಕವ್ವ. ಬಸ್ಸಿಗೆ ಹೋದ್ರೆ ಗಾಡಿ ಮಾರಿಕೊಂಡ ಅನ್ನಲ್ವಾ ಜನ? ಬ್ಯಾಡ. ಬಗ್ಗಿಸಿದ್ದು ಹ್ಯಾಂಡಲ್ಲು, ಹ್ಯಾಂಡಲ್ಲೇ ಎತ್ತರಿಸಬೇಕು.

ಇದರ ಮ್ಯಾಲೆ ನಾನು ಸಂಶೋಧನೆನೂ ಮಾಡಿದೀನಿ. ನಮ್ಮ ಕಡೆ ಊರ ಬಾಗಿಲಾಗೆ ವೀರಗಲ್ಲು ಇರ್ತಾವಲ್ಲ, ಅದರ ಮ್ಯಾಲಿನ ಕುದುರೆ ಸವಾರರನ್ನ ನೋಡ್ರಿ. ಒಬ್ಬನಾದ್ರೂ ಬಗ್ಗಿದಾನಾ? ಎದೆ ಮುಂದೆ, ಬೆನ್ನು ಗೋಡೆ, ಲಗಾಮು ಹೊಟ್ಟೆ ಮಟ್ಟದಾಗೆ. ಸಾಯಾಕೆ ಹೊಂಟೋರೇ ಅಷ್ಟು ನೆಟ್ಟಗೆ ಕೂತಿರುವಾಗ ಮದುವೆಯಾಗಾಕೆ ಹೊಂಟೋನು ಬಗ್ಗಬೌದಾ? ಎರಡೂ ಒಂದೇ ಅಂತಾರೆ ಮಾವ. ಅವರ ಮಾತು ಬಿಡ್ರಿ.

ನಮ್ಮ ಅಂಗಡಿ ಹಿಂದೆ ವೆಲ್ಡಿಂಗ್ ಮಾಡೋ ರಫೀಕಣ್ಣ ಇದ್ದ. ಪಂಪ್‌ಸೆಟ್ಟಿನ ಪೈಪು ಎರಡು ತುಂಡು ಕೊಯ್ದು, ಹ್ಯಾಂಡಲ್ ಕೆಳಗೆ ಬೆಸೆದು ಗೇಣು ಎತ್ತರಿಸಿದ. ಅವನ ಶೆಡ್ಡಿನಾಗೆ ಪೈಪು, ಮೋಟರು, ಹಳೇ ಫ್ಯಾನು ತುಂಬಿ, ಗಾಡಿ ನಿಲ್ಸಿದ್ರೆ ಹ್ಯಾಂಡಲ್ ಅಲ್ಲಾಡಿಸಾಕೂ ಜಾಗ ಇಲ್ಲ. ಹತ್ತಿ ಕೂತೆ. ಎದೆ ತಾನಾಗೇ ಮುಂದೆ ಬಂತು.

"ದಸರಾ ಮೆರವಣಿಗೆ ಹೊಂಟಂಗೆ ಕಾಣ್ತೀಯಲ್ಲೋ ತಮ್ಮಾ," ಅಂದ ರಫೀಕಣ್ಣ.

"ಆನೆನೋ, ಮಹಾರಾಜನೋ?"

"ಅದು ಜಗಳೂರಿನೋರು ಹೇಳ್ತಾರೆ, ನಡಿ."

ಆ ದಾರಿ ಬಗ್ಗೆ ಏನು ಹೇಳ್ಲಿ! ಅದೇ ರೋಡು, ಆದ್ರೆ ಯಾರೋ ಹೊಸ ಲೋಕ ತಂದು ಎರಡೂ ಕಡೆ ನಿಲ್ಸಿದಂಗಿತ್ತು. ಬೇಲಿ ಆಚೆಗೆ ಜೋಳದ ಹೊಲ, ಹೊಲದಾಚೆ ಗುಡ್ಡ, ಗುಡ್ಡದ ಮ್ಯಾಲೆ ಒಂದು ಒಂಟಿ ಮೋಡ ನನ್ನ ಜೊತೆಗೇ ಬರ್ತಿತ್ತು. ಗಾಳಿ ಅಂಗಿಯೊಳಗೆ ಹೊಕ್ಕು ಹಕ್ಕಿ ಥರ ಪಟಪಟ ಅಂತಿತ್ತು. ಗಾಡಿ ಓಡ್ತಿತ್ತೋ, ನಾನು ನಿಂತು ಭೂಮಿನೇ ಹಿಂದಕ್ಕೆ ಜಾರ್ತಿತ್ತೋ ತಿಳೀವಲ್ದು. ದೊಡ್ಡ ರೋಡಿನಾಗೆ ಹ್ಯಾಂಡಲ್ ಎಲ್ಲಿ ತಿರುಗಿಸ್ತೀವಿ? ಮೈ ಒಂಚೂರು ವಾಲಿಸಿದ್ರೆ ಸಾಕು.

ತಿರುಗಿಸಿದ್ದು ದಾವಣಗೆರೆಯಾಗೆ. ಎಡಕ್ಕೆ ತಿರುಗಿಸಿದೆ ನೋಡ್ರಿ, ಗಾಡಿ ಹುಲಿ ಥರ ಗರ್ಜಿಸಿ ಮುಂದಕ್ಕೆ ಹಾರಿತು! ಬಾಳೆಹಣ್ಣಿನ ತಳ್ಳೋಗಾಡಿಯೋನು ಶಿವಶಿವಾ ಅಂತ ಫುಟ್‌ಪಾತ್ ಹತ್ತಿದ. ಆಗ ಹೊಳೀತು. ಹ್ಯಾಂಡಲ್ ಗೇಣು ಮ್ಯಾಲೆ ಹೋಗೈತೆ, ಎಕ್ಸಿಲೇಟರ್ ವೈರು ಮಾತ್ರ ಹಳೇ ಉದ್ದನೇ ಐತೆ. ಎಡಕ್ಕೆ ತಿರುಗಿಸಿದ್ರೆ ವೈರು ಎಳೆದು ಗಾಡಿ ತಾನೇ ಓಡ್ತದೆ. ಬಲಕ್ಕೆ ತಿರುಗಿಸಿದ್ರೆ ಪರಮ ಸಾಧು.

ಜಗಳೂರಿನಾಗೆ ಅವರ ಮನೆ ಬಸವಣ್ಣನ ಗುಡಿ ಎದುರಿಗೆ. ಗುಡಿ ನಡುವೆ, ಸುತ್ತ ಬೀದಿ, ಬೀದಿ ಅಂಚಿಗೆ ಮನೆಗಳು. ನಾನು ಬಂದ ದಿಕ್ಕಿಗೆ ಗುಡಿ ಬಲಕ್ಕೆ, ಅವರ ಮನೆ ಎಡಕ್ಕೆ! ಕಟ್ಟೆ ಮ್ಯಾಲೆ ಇಡೀ ಸಂಸಾರ ನನ್ನ ಬೆನ್ನು ನೋಡಾಕೆ ಕಾಯ್ಕಂಡು ಕೂತೈತೆ. ಎಡಕ್ಕೆ ತಿರುಗಿಸಿದ್ರೆ ಗಾಡಿ ಸಮೇತ ಅಜ್ಜಿ ಮಡಿಲಿಗೆ. ಇಳಿದು ತಳ್ಳೋಣ ಅಂದ್ರೆ, ತಳ್ಳಾಕೆ ಬಗ್ಗಬೇಕು. ಬಗ್ಗಿದ್ರೆ ಸಂಬಂಧ ಹೋತು. ಯೋಚನೆ ಮಾಡ್ತಾ ಬಲಕ್ಕೆ ತಿರುಗಿಸಿ ಒಂದು ಸುತ್ತು ಹಾಕಿದೆ. ಏನೂ ಹೊಳೀಲಿಲ್ಲ. ಎರಡನೇದು ಹಾಕಿದೆ. ಬೆನ್ನು ನೆಟ್ಟಗೆ, ಕಣ್ಣು ಎದುರಿಗೆ, ಮುಖದಾಗೆ ಪೆದ್ದುಕಳೆ. ದೂರದಿಂದ ನೋಡೋರಿಗೆ ಅದು ಧ್ಯಾನ ಅನ್ನಿಸಿರಬೇಕು.

ಮೂರನೇ ಸುತ್ತಿಗೆ ಅಜ್ಜಿ ಎದ್ದು ನಿಂತು ಕೈ ಮುಗೀತು. "ಮೂರಾತಪ್ಪಾ, ಸಾಕು, ಇಳೀ! ಹೊಸ್ತಿಲು ತುಳಿಯೋ ಮದಲು ಬಸವಣ್ಣಗೆ ಪ್ರದಕ್ಷಿಣೆ ಹಾಕಿದ ಗಂಡನ್ನ ಇವತ್ತೇ ನೋಡಿದ್ದು ನಾನು."

ಗಾಡಿನ ಗುಡಿ ಮುಂದೇ ನಿಲ್ಸಿ ನಡ್ಕಂಡು ಹೋಗಬೌದು ಅಂತ ನಂಗೆ ಹೊಳೆದಿದ್ದೇ ಆಗ. ಬೀದಿ ದಾಟಿ, ಧ್ವಜದ ಕಂಬದಂಗೆ ನಡ್ಕಂಡು ಹೋದೆ. ಅಜ್ಜಿ ನನ್ನ ಬೆನ್ನು ಸವರಿ, ತಟ್ಟಿ, ಕುಂಬಳಕಾಯಿ ಪರೀಕ್ಷೆ ಮಾಡಿದಂಗೆ ಮಾಡಿ ಒಪ್ಕಂತು.

ಗಿರಿಜ ಚಾ ತಂದ್ಲು. ತಲೆ ಎತ್ತಿ ನೋಡಿದೆ. ಮೋಡ ಸರೀತು ಅಂತಷ್ಟೇ ಹೇಳ್ತೀನಿ, ಉಳಿದಿದ್ದು ನಿಮಗ್ಯಾಕೆ? ಲೋಟ ಕೊಡೋವಾಗ ಮೆತ್ತಗೆ ಕೇಳಿದ್ಲು: "ನಿಮ್ಮ ಗಾಡಿ ಎಡಕ್ಕೆ ತಿರುಗಂಗಿಲ್ಲೇನ್ರಿ?"

"ನಿಮಗೆ ಹೆಂಗೆ ಗೊತ್ತಾತ್ರೀ?"

"ಭಕ್ತಿ ಇರೋರು ದೇವರ ಕಡೆ ನೋಡ್ತಾರ್ರಿ. ನೀವು ಮೂರು ಸುತ್ತೂ ನಮ್ಮ ಬಾಗಿಲೇ ನೋಡ್ತಿದ್ರಿ." ನಕ್ಕು, ಹೊರಗೆ ಎತ್ತರಿಸಿದ ಹ್ಯಾಂಡಲ್ ಕಡೆ ಕಣ್ಣು ಹಾಯಿಸಿ, "ನಮ್ಮ ಬಾವಿಕಟ್ಟೆ ಎತ್ತರಿಸಿದಾಗ ಹಗ್ಗನೂ ಉದ್ದ ಮಾಡಿಸಿದ್ವಿ, ನೀವೂ ಮಾಡಿಸ್ರಿ," ಅಂದು ಒಳಗೆ ಹೋದ್ಲು.

ವೈರು ಉದ್ದ ಆತು, ಮದುವೆನೂ ಆತು. ಈಗ ಗಾಡಿ ಎರಡೂ ಕಡೆ ತಿರುಗ್ತದೆ. ಆದ್ರೂ ಜಗಳೂರಿಗೆ ಹೋದಾಗೆಲ್ಲ ಅಜ್ಜಿ ಕಟ್ಟೆ ಮ್ಯಾಲೆ ಕಾಯ್ತಿರ್ತದೆ, ಮೂರು ಸುತ್ತು ತಪ್ಪಿದ್ದಲ್ಲ.

ಮೊನ್ನೆ ಇಬ್ಬರೂ ನ್ಯಾಮತಿಗೆ, ಚಿಕ್ಕವ್ವನ ಮನೆಗೆ ಹೊಂಟಿದ್ವಿ. ಹೊನ್ನಾಳಿ ಸೇತುವೆ ಹತ್ತಿದಾಗ ಸಂಜೆ. ಎದುರಿಗೇ ಹೊತ್ತು ಮುಳುಗ್ತಿತ್ತು, ಹೊಳೆ ತುಂಬ ಕುಂಕುಮ ಕದಡಿದಂಗಿತ್ತು. ಮಹಾರಾಜನಂಗೆ ಕೂತು ನೋಡ್ತಾ, "ಎಂಥಾ ಚಂದ ಅಲ್ವಾ?" ಅಂದೆ.

"ನಂಗೆ ಬರೀ ನಿಮ್ಮ ಬೆನ್ನು ಕಾಣ್ತೈತ್ರಿ," ಅಂದ್ಲು ಹಿಂದಿನಿಂದ.

ಬಗ್ಗಿದೆ. ಹ್ಯಾಂಡಲ್ ಮ್ಯಾಲೆ ಗದ್ದ ತಾಗೋವಷ್ಟು ಬಗ್ಗಿದೆ. ನನ್ನ ಹೆಗಲ ಮ್ಯಾಲೆ ಗದ್ದ ಇಟ್ಟು ಗಿರಿಜ ಹೊಳೆ ನೋಡಿದ್ಲು, ಹೊತ್ತು ನೋಡಿದ್ಲು. ನಂಗೆ ಮತ್ತೆ ಅದೇ ಹಳೇ ಗುಂಡಿಗಳು ಕಂಡ್ವು. ಯಾಕೋ ಅವೂ ಚಂದ ಕಂಡ್ವು.

ಪಕ್ಕದಾಗೆ ಬಸ್ಸು ಒಂದು ದಾಟಿ ಹೋತು. ಕಿಟಕಿಯಾಗಿನ ಮುದುಕಿ ಇನ್ನೊಬ್ಬಾಕೆಗೆ ಹೇಳಿದ್ದು ಸ್ಪಷ್ಟ ಕೇಳಿಸ್ತು: "ಪಾಪ, ಹುಡುಗಗೆ ಗೂನು ಕಣೇ."

"ಏಳಬ್ಯಾಡ್ರಿ," ಅಂದ್ಲು ಗಿರಿಜ, "ಸೇತುವೆ ಮುಗಿಯೋಗಂಟ ಗೂನೇ ಇರ್ರಿ."